ನದಿಯ ಕೊನೆಯನ್ನು ನೋಡಬೇಕೆಂದ ಅವ್ವ

ತಾಯಿ ಮತ್ತು ಮಗಳು ಒಟ್ಟಿಗೆ ಕೈಗೊಳ್ಳಬೇಕೆಂದು ವರ್ಷಗಟ್ಟಲೆ ಕನಸು ಕಂಡ ಪ್ರಯಾಣಗಳ ಬಗ್ಗೆ ಬರೆಯುವಂತೆ ಓದುಗರನ್ನು ಕೇಳಿದ್ದೆವು. ಮಂಡ್ಯ ಮತ್ತು ಮೈಸೂರಿನಿಂದ ಬಂದ ಮೂರು ಪತ್ರಗಳನ್ನು ಈ ಸಲ ಎತ್ತಿಕೊಂಡಿದ್ದೇನೆ. ಮೊದಲನೆಯದು ಉದ್ದವಾಗಿದೆ, ಆದರೆ ಅದನ್ನು ಕತ್ತರಿಸಲು ಮನಸ್ಸು ಬರಲಿಲ್ಲ.

ಪ್ರಶ್ನೆ: ನನಗೆ 46 ವರ್ಷ, ಮಂಡ್ಯದ ಸಹಕಾರ ಸಂಘವೊಂದರಲ್ಲಿ ಗುಮಾಸ್ತೆಯಾಗಿದ್ದೇನೆ. ನಮ್ಮ ಅವ್ವನಿಗೆ 68. ನಮ್ಮೂರು ಮದ್ದೂರು ತಾಲ್ಲೂಕಿನಲ್ಲಿ, ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿದೆ. ನಾಲೆಗೆ ನೀರು ಬಿಟ್ಟರೂ ನಮ್ಮ ಗದ್ದೆಗೆ ಬರುವಷ್ಟರಲ್ಲಿ ಅರ್ಧ ಬೆಳೆ ಒಣಗಿರುತ್ತಿತ್ತು. ಅವ್ವ ರಾತ್ರಿಯೆಲ್ಲ ಲಾಟೀನು ಹಿಡಿದು ತೂಬಿನ ಬಳಿ ಕಾದವಳು, ಕಾವೇರಿ ಗಲಾಟೆಯ ಕಾಲದಲ್ಲಿ ಬೆಂಗಳೂರು ರಸ್ತೆಯಲ್ಲಿ ಊರಿನ ಹೆಂಗಸರ ಜೊತೆ ಕೂತವಳು. ಅವಳಿಗೆ ಕಾಶಿ, ರಾಮೇಶ್ವರ ಯಾವುದೂ ಬೇಡ. ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ಒಂದೇ ಮಾತು: "ನಮ್ ನೀರು ಎಲ್ಲುಟ್ಟಿ ಎಲ್ಲಿಗ್ ಓಯ್ತದೆ ಅಂತ ಒಂದ್ಸಲ ನೋಡ್ಬಿಟ್ ಬರ್ಬೇಕು ಕಣವ್ವ." ತಲಕಾವೇರಿಯನ್ನೂ ಕಾವೇರಿ ಸಮುದ್ರ ಸೇರುವ ಜಾಗವನ್ನೂ ನೋಡಬೇಕೆಂಬುದು ಅವಳ ಆಸೆ. ಅಪ್ಪನಿಗೆ ಲಕ್ವ ಹೊಡೆದು ಒಂಬತ್ತು ವರ್ಷ ಹಾಸಿಗೆಯಲ್ಲಿದ್ದರು, ಆಮೇಲೆ ನನ್ನ ಮಕ್ಕಳ ಓದು ಬಂತು, ಹೀಗೆ ಮುಂದಕ್ಕೆ ಹೋಗುತ್ತಲೇ ಬಂತು. ಹೋದ ವರ್ಷ ಅಪ್ಪ ತೀರಿಕೊಂಡರು.

ಈಗ ಹೋಗೋಣವೆಂದರೆ ಹಲವು ತೊಡಕುಗಳಿವೆ. ಅವ್ವನಿಗೆ ಸಕ್ಕರೆ ಕಾಯಿಲೆಯಿದೆ, ಮಂಡಿ ನೋವಿದೆ. ತುಲಾ ಸಂಕ್ರಮಣದ ದಿನ ತಲಕಾವೇರಿಗೆ ಹೋಗಿ ಅಲ್ಲಿಂದ ಕಾರಿನಲ್ಲಿ ನದಿಯ ಜೊತೆಯಲ್ಲೇ ಎಂಟು ದಿನ ಸಾಗಿ ಪೂಂಪುಹಾರ್ ಮುಟ್ಟಬೇಕೆಂದು ನಾನು ಪಟ್ಟಿ ಮಾಡಿಕೊಂಡಿದ್ದೇನೆ. ಅಣ್ಣ ಮಾತ್ರ "ಈ ವಯಸ್ಸಲ್ಲಿ ತಮಿಳುನಾಡಿಗೆ ಹೋಗಿ ಏನ್ ನೋಡ್ತೀರಿ, ಸಮುದ್ರ ನೋಡ್ಬೇಕಾದ್ರೆ ಮಂಗಳೂರಿಲ್ವಾ" ಎನ್ನುತ್ತಾನೆ. ಅವ್ವ ಗೃಹಲಕ್ಷ್ಮಿ ಹಣವನ್ನು ಮುಟ್ಟದೆ ಕೂಡಿಟ್ಟಿದ್ದು, ಖರ್ಚನ್ನು ತಾನೇ ಕೊಡುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಅವಳ ದುಡ್ಡಿನಲ್ಲಿ ಅವಳನ್ನು ಕರೆದುಕೊಂಡು ಹೋಗಲು ನನಗೆ ನಾಚಿಕೆಯಾಗುತ್ತದೆ.

ಕೊನೆಯದಾಗಿ, ಯಾರಿಗೂ ಹೇಳದ ಒಂದು ಮಾತು. ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಒಳ್ಳೆಯ ಅಂಕ ಬಂದಿತ್ತು. ಮೈಸೂರಿನಲ್ಲಿ ಹಾಸ್ಟೆಲ್ ಸೇರಿ ಓದುತ್ತೇನೆಂದಾಗ ಅಪ್ಪ ಬೇಡವೆಂದರು, ಅವ್ವ ತುಟಿ ಬಿಚ್ಚಲಿಲ್ಲ. ಮೂವತ್ತು ವರ್ಷವಾದರೂ ಅದು ನನ್ನೊಳಗೆ ಹಾಗೆಯೇ ಉಳಿದಿದೆ. ಮನೆಯಲ್ಲಿ ನಾವಿಬ್ಬರೂ ಮಾತ್ರೆ, ಹಾಲು, ಕರೆಂಟ್ ಬಿಲ್ಲು ಬಿಟ್ಟು ಬೇರೆ ಮಾತಾಡುವುದಿಲ್ಲ, ಮಾತಾಡಿದರೆ ಜಗಳ. ಈ ಪ್ರಯಾಣದಲ್ಲಾದರೂ ಅದನ್ನು ಕೇಳಿಬಿಡಲೇ?
(ಹೆಸರು ಬೇಡ, ಮಂಡ್ಯ)

ಉತ್ತರ: ನಿಮ್ಮ ಪಟ್ಟಿಯಲ್ಲಿ ಎಲ್ಲವೂ ಇದೆ, ಆದರೆ ಅದರಲ್ಲಿ ಅವ್ವನ ಕೈ ಎಷ್ಟಿದೆ ಎಂದು ನನಗೆ ತಿಳಿಯಲಿಲ್ಲ. ಎಲ್ಲಿ ಇಳಿಯಬೇಕು, ಎಷ್ಟು ಹೊತ್ತು ನಿಲ್ಲಬೇಕು, ಯಾವ ಗುಡಿಯನ್ನು ಬಿಡಬೇಕು ಎಂಬುದನ್ನೆಲ್ಲ ಮಗಳು ತೀರ್ಮಾನಿಸಿದರೆ ತಾಯಿ ಕಾರಿನ ಹಿಂದಿನ ಸೀಟಿನಲ್ಲಿ ಕೂತ ಸಾಮಾನಿನಂತಾಗುತ್ತಾಳೆ. ಇದನ್ನು ನಾನು ಅನುಭವದಿಂದಲೇ ಹೇಳುತ್ತಿದ್ದೇನೆ. ನಮ್ಮ ತಾಯಿಯವರನ್ನು ಮೈಸೂರಿನಿಂದ ಹೊರಡಿಸಿ ಒಂದೇ ದಿನದಲ್ಲಿ ಶ್ರವಣಬೆಳಗೊಳ, ಹಳೇಬೀಡು, ಬೇಲೂರು ಮೂರನ್ನೂ ತೋರಿಸಿದ ಹೆಮ್ಮೆ ನನ್ನದು. ಅವರು ಆಮೇಲೆ ಅಕ್ಕಪಕ್ಕದವರಿಗೆ ಹೇಳಿದ್ದು ಇಷ್ಟೇ: "ಎಲ್ಲಾ ಚೆನ್ನಾಗಿತ್ತು, ಇವಳು ಗಡಿಯಾರ ನೋಡ್ತಿದ್ದದ್ದೊಂದು ಬಿಟ್ಟು."

ಹಣದ ವಿಷಯವನ್ನು ಮೊದಲು ಮುಗಿಸೋಣ. ಕೊಡಲಿ ಬಿಡಿ. ಆ ಹಣ ಮನೆಯ ಯಜಮಾನಿಯೆಂದು ಅವರ ಖಾತೆಗೇ ಬಂದದ್ದು, ಬಹುಶಃ ಯಾರ ಕೈಯನ್ನೂ ನೋಡದೆ ಖರ್ಚು ಮಾಡಲು ಅವರಿಗೆ ಸಿಕ್ಕಿದ ಮೊದಲ ಮೊತ್ತ. ಅದನ್ನು ಅವರು ಬಳೆಗೂ ಚೀಟಿಗೂ ಹಾಕದೆ ನದಿ ನೋಡಲು ಎತ್ತಿಟ್ಟಿದ್ದಾರೆಂದರೆ ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ರೈಲು ಮತ್ತು ಕೋಣೆಯ ಬಾಬ್ತು ಅವರದು, ಊಟ ಮತ್ತು ಬಾಡಿಗೆ ಗಾಡಿಯದು ನಿಮ್ಮದು ಎಂದು ಹಂಚಿಕೊಂಡರೆ ಸಾಕು. ದುಡ್ಡು ಕೊಟ್ಟವರಿಗೆ "ಇವತ್ತು ಸಾಕು, ಮಲಗೋಣ" ಎನ್ನುವ ಧೈರ್ಯವಿರುತ್ತದೆ. ಆ ಧೈರ್ಯ ನಿಮ್ಮ ಅವ್ವನಿಗೆ ದಾರಿಯಲ್ಲಿ ಬೇಕಾಗುತ್ತದೆ.

ಎಂಟು ದಿನಗಳ ಒಂದೇ ಓಟಕ್ಕೆ ನನ್ನ ಒಪ್ಪಿಗೆಯಿಲ್ಲ. ಕಾವೇರಿ ಹುಟ್ಟಿದಲ್ಲಿಂದ ಸಮುದ್ರದವರೆಗೆ ಸುಮಾರು 800 ಕಿಲೋಮೀಟರ್ ಹರಿಯುತ್ತದೆ, ನಿಮ್ಮ ಜಿಲ್ಲೆ ಅದರ ಮೇಲಿನ ಅರ್ಧದಲ್ಲೇ ಸಿಗುತ್ತದೆ. ನದಿಯೇ ಮನೆಯ ಹತ್ತಿರ ಹಾದುಹೋಗುವಾಗ ನೀವು ಮನೆಯನ್ನು ಬಿಟ್ಟು ಸುತ್ತುವ ಅಗತ್ಯವೇನು? ಪ್ರಯಾಣವನ್ನು ಎರಡಾಗಿ ಒಡೆಯಿರಿ. ಮೊದಲು ತಲಕಾವೇರಿಗೆ ಹೋಗಿ ಮನೆಗೆ ಬನ್ನಿ, ಬಟ್ಟೆ ಒಗೆದು, ಸಕ್ಕರೆ ಪರೀಕ್ಷೆ ಮಾಡಿಸಿ, ಕೆಲವು ವಾರ ನಿಮ್ಮ ನಿಮ್ಮ ಹಾಸಿಗೆಯಲ್ಲಿ ಮಲಗಿ. ಆಮೇಲೆ ಸಮುದ್ರದ ಕಡೆಗೆ ಹೊರಡಿ. ನಡುವಿನ ಜಾಗಗಳಿಗೆ, ಎಂದರೆ ಕೃಷ್ಣರಾಜಸಾಗರ, ಶ್ರೀರಂಗಪಟ್ಟಣ, ಕಪಿಲೆ ಬಂದು ಸೇರುವ ತಿರುಮಕೂಡಲು, ಮಳವಳ್ಳಿ ಕಡೆಯಿಂದ ಕಾಣುವ ಗಗನಚುಕ್ಕಿ ಇವಕ್ಕೆ, ಯಾವುದಾದರೂ ಭಾನುವಾರ ಬೆಳಿಗ್ಗೆ ಹೋಗಿ ಸಂಜೆಗೆ ಮರಳಬಹುದು. ಮೇಕೆದಾಟನ್ನು ಮಂಡಿ ನೋವಿನವರ ಪಟ್ಟಿಯಿಂದ ತೆಗೆದುಬಿಡಿ.

ತುಲಾ ಸಂಕ್ರಮಣದ ದಿನವೇ ತಲಕಾವೇರಿಗೆ ಹೋಗುವುದೂ ಬೇಡ. ಅಕ್ಟೋಬರ್ ನಡುವಿನ ಆ ದಿನ ತೀರ್ಥೋದ್ಭವ ನೋಡಲು ಸಾವಿರಾರು ಜನ ಸೇರುತ್ತಾರೆ, ಕುಂಡಿಕೆಯ ಬಳಿ ನೂಕುನುಗ್ಗಲು ವಿಪರೀತ. ಸಮುದ್ರ ಮಟ್ಟದಿಂದ ಸುಮಾರು 1,276 ಮೀಟರ್ ಎತ್ತರದಲ್ಲಿರುವ ಆ ಜಾಗದಲ್ಲಿ ನವೆಂಬರ್ ಕೊನೆ ಅಥವಾ ಡಿಸೆಂಬರ್ ಹೊತ್ತಿಗೆ ಮಳೆ ಕಳೆದು, ಮಂಜು ಸರಿದು, ಸುತ್ತಣ ಬೆಟ್ಟಸಾಲು ಚೆನ್ನಾಗಿ ಕಾಣುತ್ತದೆ. ಮಂಡ್ಯದಿಂದ ಮೈಸೂರಿನ ಮೇಲೆ ಮಡಿಕೇರಿಯವರೆಗೆ ಸರ್ಕಾರಿ ಬಸ್ಸಿನಲ್ಲಿ ಹೋಗಬಹುದು. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದಾಗಿ ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಲ್ಲಿ ಇಬ್ಬರಿಗೂ ಟಿಕೆಟ್ ಹಣವಿಲ್ಲ, ಆಧಾರ್ ಮಾತ್ರ ಕೈಯಲ್ಲಿರಲಿ. ಮಡಿಕೇರಿಯಲ್ಲಿ ಎರಡು ರಾತ್ರಿ ಉಳಿದು, ನಡುವಿನ ದಿನ ಬಾಡಿಗೆ ಗಾಡಿ ಮಾಡಿಕೊಳ್ಳಿ. ಮೊದಲು ಭಾಗಮಂಡಲಕ್ಕೆ ಹೋಗಿ ಕಾವೇರಿಗೆ ಕನ್ನಿಕೆ ಬಂದು ಕೂಡುವುದನ್ನು ನೋಡಿ. ಸುಜ್ಯೋತಿ ಅಲ್ಲಿ ಗುಪ್ತಗಾಮಿನಿಯೆಂಬುದು ನಂಬಿಕೆ. ಅಲ್ಲಿಂದ ತಲಕಾವೇರಿ ಎಂಟು ಕಿಲೋಮೀಟರ್ ಏರುದಾರಿ. ಬ್ರಹ್ಮಗಿರಿಯ ನೆತ್ತಿಗೆ ಹೋಗುವ ನೂರಾರು ಮೆಟ್ಟಿಲುಗಳನ್ನು ಬಿಟ್ಟುಬಿಡಿ. ನಿಮಗೆ ಹತ್ತಬೇಕೆನಿಸಿದರೂ ಅವ್ವನನ್ನು ಕೆಳಗೆ ಒಬ್ಬರನ್ನೇ ಕೂರಿಸಿ ಹೋಗಬೇಡಿ.

ಸಮುದ್ರದ ಕಡೆಗೆ ಯಾವಾಗ ಹೋಗಬೇಕೆಂಬುದನ್ನು ನಾನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಹೆಚ್ಚಿನವರು ತಪ್ಪುತ್ತಾರೆ. ನಮ್ಮಲ್ಲಿ ಮಳೆ ತಗ್ಗುವ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ತಮಿಳುನಾಡಿನ ಕರಾವಳಿಗೆ ಈಶಾನ್ಯ ಮಾರುತದ ಮಳೆ ಮತ್ತು ಚಂಡಮಾರುತಗಳ ಕಾಲ. ಹಾಗೆಂದು ಬೇಸಿಗೆಯವರೆಗೆ ಕಾದರೆ ನೋಡಲು ಹೋದ ನೀರೇ ಇರುವುದಿಲ್ಲ, ಕಾವೇರಿಯ ಪಾತ್ರದಲ್ಲಿ ಬರೀ ಮರಳು. 1934ರಲ್ಲಿ ಕಟ್ಟಿ ಮುಗಿಸಿದ ಮೆಟ್ಟೂರು ಅಣೆಕಟ್ಟೆಯಿಂದ ಆ ಕಡೆಯ ಗದ್ದೆಗಳಿಗೆ ಜೂನ್ 12ರಂದು ನೀರು ಬಿಟ್ಟು ಜನವರಿ 28ರಂದು ನಿಲ್ಲಿಸುವುದು ವಾಡಿಕೆ, ಜಲಾಶಯ ತುಂಬದ ವರ್ಷ ಈ ದಿನಗಳು ಹಿಂದೆ ಮುಂದೆ ಆಗುತ್ತವೆ. ಹೀಗಾಗಿ ಮಳೆ ನಿಂತು, ನದಿಯಲ್ಲಿ ನೀರು ಇನ್ನೂ ಉಳಿದಿರುವ ಕಿರಿದಾದ ಅವಧಿಯೆಂದರೆ ಸಂಕ್ರಾಂತಿ ಕಳೆದ ಮೇಲಿನ ಹತ್ತು ಹನ್ನೆರಡು ದಿನಗಳು. ವೈಕುಂಠ ಏಕಾದಶಿಗೆ ಶ್ರೀರಂಗದಲ್ಲಿ ಸೇರುವ ಜನಸಂದಣಿ ಸಾಮಾನ್ಯವಾಗಿ ಅಷ್ಟರಲ್ಲಿ ಕರಗಿರುತ್ತದೆ, ಪೊಂಗಲ್ ರಜೆಯ ರೈಲಿನ ಗದ್ದಲವೂ ಇಳಿದಿರುತ್ತದೆ. ನಿಮ್ಮೂರಿನಲ್ಲಿಯೂ ದನಗಳಿಗೆ ಕಿಚ್ಚು ಹಾಯಿಸಿ ಎಳ್ಳುಬೆಲ್ಲ ಹಂಚಿ ಮುಗಿದ ಬಿಡುವಿನ ಕಾಲ ಅದು, ಅಣ್ಣನಿಗೂ ಆಕ್ಷೇಪಿಸಲು ಒಂದು ಕಾರಣ ಕಡಿಮೆಯಾಗುತ್ತದೆ.

ಕಾರು ಬೇಡ, ರೈಲಿನಲ್ಲಿ ಹೋಗಿ. ಮೈಸೂರಿನಿಂದ ಹೊರಟು ಮಂಡ್ಯ, ಬೆಂಗಳೂರು, ಸೇಲಂ, ಈರೋಡು, ಕರೂರು, ತಿರುಚಿರಾಪಳ್ಳಿ, ತಂಜಾವೂರು, ಕುಂಭಕೋಣಗಳ ಮೇಲೆ ಮಯಿಲಾಡುತುರೈಗೆ ಹೋಗುವ ರಾತ್ರಿ ರೈಲಿದೆ. ಈರೋಡಿನಿಂದ ಮುಂದಕ್ಕೆ ಅದು ಹೆಚ್ಚುಕಡಿಮೆ ಕಾವೇರಿಯ ಜೊತೆಯಲ್ಲೇ ಸಾಗುತ್ತದೆ. ರೈಲ್ವೆಯಲ್ಲಿ ಹಿರಿಯರ ರಿಯಾಯಿತಿ ದರ 2020ರ ಮಾರ್ಚ್‌ನಲ್ಲೇ ನಿಂತುಹೋಯಿತು, ಆದರೆ ಕೆಳಗಿನ ಬರ್ತಿನ ಕೋಟಾ ಉಳಿದಿದೆ. ಅದರಲ್ಲಿ ಹೆಂಗಸರಿಗೆ 45 ವರ್ಷ ತುಂಬಿದ್ದರೆ ಸಾಕು, ಒಬ್ಬರೇ ಅಥವಾ ಇಬ್ಬರೇ ಹೋಗುತ್ತಿರಬೇಕು. ನಿಮಗೆ 46 ಆಗಿರುವುದರಿಂದ ಇಬ್ಬರಿಗೂ ಒಂದೇ ಟಿಕೆಟಿನಲ್ಲಿ ಕೆಳಗಿನ ಬರ್ತು ಕೇಳಬಹುದು. ಬೇಗ ಕಾದಿರಿಸಿ.

ಆ ರೈಲು ತಿರುಚಿರಾಪಳ್ಳಿಯನ್ನು ಕತ್ತಲಿರುವಾಗಲೇ ಮುಟ್ಟುತ್ತದೆ. ಅಲ್ಲಿ ಇಳಿದು ಹೋಟೆಲು ಹುಡುಕುವ ಬದಲು ಬೆಳಗಾಗುವವರೆಗೆ ಮಲಗಿ ಮಯಿಲಾಡುತುರೈಗೇ ಹೋಗಿಬಿಡಿ. ಎಂದರೆ ನದಿಯ ಕೊನೆಯನ್ನು ಮೊದಲು ನೋಡಿ, ಆಮೇಲೆ ಹೊಳೆಗೆ ಎದುರಾಗಿ ಕುಂಭಕೋಣ, ತಂಜಾವೂರು, ಶ್ರೀರಂಗ ಎಂದು ಊರ ಕಡೆಗೆ ಬನ್ನಿ. ಹೀಗೆ ಬಂದರೆ ದಿನದಿಂದ ದಿನಕ್ಕೆ ಮನೆ ಹತ್ತಿರವಾಗುತ್ತದೆ, ಯಾವ ಹಂತದಲ್ಲಿ ಅವ್ವ ದಣಿದರೂ ಉಳಿದದ್ದನ್ನು ಬಿಟ್ಟು ರೈಲು ಹತ್ತಬಹುದು, ನೋಡಬೇಕಾದ್ದನ್ನು ಆಗಲೇ ನೋಡಿರುತ್ತೀರಿ. ಹುಟ್ಟಿನಿಂದ ಕೊನೆಯವರೆಗೆ ಸಾಲಾಗಿಯೇ ನೋಡಬೇಕೆಂಬುದು ಅವರ ಹಟವಾಗಿದ್ದರೆ ಮಾತು ಬೇರೆ. ಕೇಳಿ ನೋಡಿ.

ಮಯಿಲಾಡುತುರೈಯಿಂದ ಪೂಂಪುಹಾರ್ ಇಪ್ಪತ್ತೈದು ಕಿಲೋಮೀಟರಿನೊಳಗೆ. ಚೋಳರ ಕಾಲದ ದೊಡ್ಡ ಬಂದರು, ಕಾವೇರಿಪೂಂಪಟ್ಟಣವೆಂದು ಹೆಸರಾಗಿದ್ದ ಊರು ಅದು. ಆದರೆ ಅವ್ವನಿಗೆ ಮೊದಲೇ ಒಂದು ಮಾತು ಹೇಳಿಡಿ: ಅಲ್ಲಿ ಕಾಣುವ ಕಾವೇರಿ ಶ್ರೀರಂಗಪಟ್ಟಣದ ಸೇತುವೆಯ ಕೆಳಗೆ ಕಾಣುವ ಕಾವೇರಿಯಲ್ಲ. ಶ್ರೀರಂಗದ ಮೇಲ್ಗಡೆ ಮುಕ್ಕೊಂಬು ಎಂಬಲ್ಲಿ ಕೊಳ್ಳಿಡಂ ಎಂಬ ದೊಡ್ಡ ಕವಲು ಬೇರೆಯಾಗುತ್ತದೆ, ನೆರೆಯ ನೀರೆಲ್ಲ ಅದರ ಪಾಲು. ಕೆಳಗೆ ಕರಿಕಾಲ ಚೋಳ ಕಟ್ಟಿಸಿದನೆನ್ನುವ ಕಲ್ಲಣೈ ಇದೆ. ಕಲ್ಲಿನ ಅಣೆ ಎಂಬ ಆ ಹೆಸರು ಅವ್ವನಿಗೆ ವಿವರಿಸದೆಯೇ ತಿಳಿಯುತ್ತದೆ. ಅಲ್ಲಿ ವೆಣ್ಣಾರು ಬೇರೆಯಾಗುತ್ತದೆ, ದೊಡ್ಡ ನಾಲೆಯೊಂದು ಹೊರಡುತ್ತದೆ, ಮುಂದೆ ಕುಡಮುರುಟ್ಟಿ, ಅರಸಲಾರು, ವೀರಚೋಳನ್ ಎಂದು ಕವಲುಗಳು ಒಡೆಯುತ್ತಲೇ ಹೋಗುತ್ತವೆ. ಹೀಗೆ ಹಂಚಿ ಹಂಚಿ ಉಳಿದದ್ದು ಸಮುದ್ರದ ಬಳಿ ನಾಲೆಯೊಂದರ ಅಗಲಕ್ಕೆ ಕುಗ್ಗಿರುತ್ತದೆ.

ಜೀವಮಾನವಿಡೀ ಒಂದು ತೂಬಿನ ನೀರಿಗೆ ಕಾದ ಹೆಂಗಸು ಅದನ್ನು ನೋಡಿ ಏನನ್ನುತ್ತಾರೋ ನಾನು ಊಹಿಸಲಾರೆ. "ಇಷ್ಟೇನಾ" ಎನ್ನಬಹುದು, ಸಿಟ್ಟಾಗಬಹುದು, ಸುಮ್ಮನಿರಬಹುದು. ಆ ಗಳಿಗೆಯಲ್ಲಿ ಫೋಟೋ ತೆಗೆಯುವ ಅವಸರ ಮಾಡಬೇಡಿ. ಆ ಸೀಮೆಯಲ್ಲಿ "ಕಡೈಮಡೈ" ಎಂಬ ಮಾತೊಂದು ಬಳಕೆಯಲ್ಲಿದೆ, ಕಡೆಯ ತೂಬು ಎಂದರ್ಥ. ಅಲ್ಲಿನ ಕಡೈಮಡೈ ರೈತರೂ ಮೆಟ್ಟೂರಿನ ನೀರು ತಮ್ಮ ಗದ್ದೆ ಮುಟ್ಟುವುದನ್ನೇ ಕಾಯುವವರು. ನಿಮ್ಮ ಅವ್ವನಿಗೆ ತಮಿಳು ಬಾರದಿದ್ದರೂ ಗದ್ದೆಯ ಬದುವಿನ ಮೇಲೆ ನಿಂತ ಹೆಂಗಸೊಬ್ಬಳೊಡನೆ ಮಾತಾಡಲು "ಕಾವೇರಿ", "ನೀರು", "ಮಗಳು" ಇಷ್ಟು ಪದ ಸಾಕಾಗುತ್ತದೆ. ನೀರಿನ ಜಗಳವಿದ್ದ ನಾಡಿಗೆ ಹೋಗುವುದೆಂಬ ಅಳುಕು ಅಣ್ಣನಿಗಿದ್ದರೆ, ಗಲಾಟೆಯ ಸುದ್ದಿಯಿಲ್ಲದ ದಿನಗಳಲ್ಲಿ ನಿತ್ಯವೂ ನಮ್ಮ ಕಡೆಯಿಂದ ಶ್ರೀರಂಗಕ್ಕೆ ಜನ ಹೋಗಿ ಬರುತ್ತಿರುತ್ತಾರೆಂದು ಹೇಳಿ. ಮಂಗಳೂರಿನ ಸಮುದ್ರ ಚೆನ್ನಾಗಿಯೇ ಇದೆ, ಆದರೆ ಅದಕ್ಕೆ ಕಾವೇರಿ ಸೇರುವುದಿಲ್ಲ.

ಸಮುದ್ರಕ್ಕೆ ಇಳಿಯಗೊಡಬೇಡಿ, ನದಿ ಸೇರುವ ಕಡೆ ಸೆಳೆತ ಜಾಸ್ತಿ. ಸ್ನಾನ ಮಾಡಲೇಬೇಕೆಂದರೆ ಮಯಿಲಾಡುತುರೈಯ ತುಲಾ ಘಟ್ಟವೋ ಶ್ರೀರಂಗದ ಅಮ್ಮ ಮಂಟಪವೋ ಮೇಲು, ಅಲ್ಲಿ ಮೆಟ್ಟಿಲುಗಳಿವೆ. ಅಂದಹಾಗೆ, ತಲಕಾವೇರಿಯಲ್ಲಿ ತೀರ್ಥ ಉಕ್ಕುವ ತುಲಾ ಮಾಸದಲ್ಲೇ ಆ ಘಟ್ಟದಲ್ಲಿ ತಿಂಗಳಿಡೀ ಸ್ನಾನ ನಡೆಯುತ್ತದೆ. ಶ್ರೀರಂಗಪಟ್ಟಣ ಆದಿರಂಗ, ಶಿವನಸಮುದ್ರ ಮಧ್ಯರಂಗ, ಶ್ರೀರಂಗ ಅಂತ್ಯರಂಗವೆಂಬ ಲೆಕ್ಕ ನಿಮ್ಮ ಕಡೆ ಎಲ್ಲರಿಗೂ ಗೊತ್ತು. ಮೂರನ್ನೂ ಒಂದೇ ದಿನದಲ್ಲಿ ನೋಡುವ ಹರಕೆಯವರು ಇದ್ದಾರೆ, ಅವರಿಗೆ ನಮಸ್ಕಾರ ಹೇಳಿ ನೀವು ಶ್ರೀರಂಗದಲ್ಲಿ ಎರಡು ರಾತ್ರಿ ಉಳಿಯಿರಿ. ಏಳು ಸುತ್ತಿನ ಗುಡಿ ಅದು, ನಡಿಗೆ ಬಹಳ. ಆ ಕಡೆಯ ಬಹುತೇಕ ಗುಡಿಗಳು ಮಧ್ಯಾಹ್ನ ಬಾಗಿಲು ಹಾಕಿ ನಾಲ್ಕರ ಸುಮಾರಿಗೆ ತೆರೆಯುವುದರಿಂದ ಊಟದ ನಂತರ ಮಲಗಲು ನಿಮಗೆ ನೆಪ ಸಿಗುತ್ತದೆ. ಸಕ್ಕರೆ ಕಾಯಿಲೆಯವರ ಪಾದಕ್ಕೆ ಸ್ಪರ್ಶ ಮಂದವಾಗಿರಬಹುದು, ಕಾದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ನಡೆದು ಬೊಬ್ಬೆ ಎದ್ದರೂ ಗೊತ್ತಾಗುವುದಿಲ್ಲ. ಬೆಳಗಿನ ಹೊತ್ತಿನಲ್ಲಿ ಹೋಗಿ, ದಪ್ಪ ನೂಲಿನ ಕಾಲುಚೀಲ ಹಾಕಿಸಿ, ರಾತ್ರಿ ಮಲಗುವ ಮುನ್ನ ಪಾದಗಳನ್ನು ನೀವೇ ನೋಡಿ. ಮಾತ್ರೆಗಳನ್ನು ಎರಡು ಚೀಲಗಳಲ್ಲಿ ಹಂಚಿಡಿ. ಊಟ ತಡವಾದರೆ ಸಕ್ಕರೆ ಇಳಿದು ಬೆವರು, ನಡುಕ ಬರಬಹುದು, ಆಗ ಬಾಯಿಗೆ ಹಾಕಲು ಒಂದಿಷ್ಟು ಬೆಲ್ಲ ಅವರ ಸೆರಗಿನಲ್ಲೇ ಇರಲಿ. ಮಂಡ್ಯದವರಿಗೆ ಬೆಲ್ಲದ ಬಗ್ಗೆ ನಾನು ಹೇಳಬೇಕಾಗಿಲ್ಲ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ದಾರಿಯಲ್ಲಿ ಕೇಳಬೇಡಿ. ಮನೆಯಲ್ಲಾದರೆ ಮಾತು ಹೊರೆಯೆನಿಸಿದಾಗ ಅವ್ವ ಎದ್ದು ಹಟ್ಟಿಗೆ ಹೋಗಿ ಹಸುವಿಗೆ ಹುಲ್ಲು ಹಾಕಬಹುದು, ನೀವು ಅಡುಗೆಮನೆಗೆ ಹೋಗಬಹುದು. ಗೊತ್ತಿಲ್ಲದ ಊರಿನ ಹೋಟೆಲು ಕೋಣೆಯಲ್ಲಿ ಎರಡು ಮಂಚಗಳ ನಡುವೆ ಎದ್ದು ಹೋಗಲು ಜಾಗವಿಲ್ಲ, ಮಾತ್ರೆಗೂ ಊಟಕ್ಕೂ ನಿಮ್ಮನ್ನೇ ನೆಚ್ಚಿರುವವರನ್ನು ಅಲ್ಲಿ ಪ್ರಶ್ನಿಸುವುದು ಕಟಕಟೆಯಲ್ಲಿ ನಿಲ್ಲಿಸಿದಂತೆ. ನಿಮ್ಮ ನೋವು ಸಣ್ಣದೆಂದು ನಾನು ಹೇಳುತ್ತಿಲ್ಲ. ಅವರು ಅಂದು ಬಾಯಿ ಬಿಡದಿದ್ದದ್ದು ತಪ್ಪೇ, ಅದನ್ನು ಕೇಳುವ ಹಕ್ಕು ನಿಮಗಿದೆ. ಕೇಳುವುದಾದರೆ ಎರಡು ಪ್ರಯಾಣಗಳ ನಡುವೆ, ನಿಮ್ಮ ಮನೆಯ ಜಗಲಿಯಲ್ಲಿ ಕೇಳಿ. ಪ್ರಯಾಣವನ್ನು ಒಡೆಯಿರಿ ಎಂದದ್ದಕ್ಕೆ ಇದೂ ಒಂದು ಕಾರಣ. ಒಂದು ವೇಳೆ ರೈಲಿನಲ್ಲಿ, ದೀಪ ಆರಿದ ಮೇಲೆ, ಅವರೇ ತಾವಾಗಿ ಆ ಕಾಲದ ಮಾತೆತ್ತಿದರೆ, "ಆಗ ಯಾಕೆ ಹೇಳಲಿಲ್ಲ" ಎಂದು ನಡುವೆ ತಡೆಯದೆ ಮುಗಿಯುವವರೆಗೆ ಕೇಳಿಸಿಕೊಳ್ಳಿ. ಎತ್ತದಿದ್ದರೆ ಕಿಟಕಿಯಾಚೆಯ ಗದ್ದೆಯಲ್ಲಿ ಭತ್ತವೋ ಬಾಳೆಯೋ ಎಂದು ವಾದಿಸುತ್ತ ಹೋಗಿ, ಜಗಳವಾಡಲು ನಿಮ್ಮಿಬ್ಬರಿಗೂ ಅದು ಸಾಕಷ್ಟು ಒಳ್ಳೆಯ ವಿಷಯ.

ಪ್ರಶ್ನೆ: ನಾನು 66 ವರ್ಷದ ನಿವೃತ್ತ ಶಿಕ್ಷಕಿ. ಹೊರದೇಶದಲ್ಲಿರುವ ಮಗಳು ರಜೆ ಹಾಕಿ ಬಂದು ನನ್ನನ್ನು ಕಾಶಿಗೆ ಕರೆದುಕೊಂಡು ಹೋಗುತ್ತಿದ್ದಾಳೆ. ನಾವಿಬ್ಬರೂ ಅವಳು ಕಾಲೇಜಿನಲ್ಲಿದ್ದಾಗಿನಿಂದ ಆಡಿಕೊಂಡಿದ್ದ ಮಾತು ಅದು. ಆದರೆ ಮೂರು ವರ್ಷಗಳಿಂದ ನನಗೆ ಕೆಮ್ಮಿದರೆ, ಸೀನಿದರೆ ಮೂತ್ರ ಸೋರುತ್ತದೆ, ಒಮ್ಮೊಮ್ಮೆ ಬಚ್ಚಲು ಮುಟ್ಟುವಷ್ಟರಲ್ಲಿ ತಡೆಯಲಾಗುವುದಿಲ್ಲ. ಮಗಳಿಗೆ ಹೇಳಿಲ್ಲ. ಮದುವೆಮನೆಗಳಿಗೆ ಹೋಗುವಾಗ ಹಿಂದಿನ ದಿನದಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತೇನೆ. ಕಾಶಿಯಲ್ಲಿ ಏನು ಮಾಡಲಿ? ಆರೋಗ್ಯ ಸರಿಯಿಲ್ಲವೆಂದು ತಪ್ಪಿಸಿಕೊಳ್ಳಲೇ?
(ಹೆಸರು ಬೇಡ, ಮೈಸೂರು)

ಉತ್ತರ: ತಪ್ಪಿಸಿಕೊಳ್ಳಬೇಡಿ, ಹೇಳಿ. ಹೆರಿಗೆಯಾದ, ಮುಟ್ಟು ನಿಂತ ಹೆಂಗಸರಲ್ಲಿ ಇದು ಬಹಳ ಸಾಮಾನ್ಯ. ಅದನ್ನು ಯಾರೂ ಬಾಯಿಬಿಟ್ಟು ಹೇಳದಿರುವುದರಿಂದ ಪ್ರತಿಯೊಬ್ಬರೂ ತಮಗೊಬ್ಬರಿಗೇ ಹೀಗೆಂದು ಭಾವಿಸಿರುತ್ತಾರೆ. ನಿಮ್ಮ ಮಗಳು ನಿಮ್ಮ ಹೊಟ್ಟೆಯಲ್ಲಿ ಬೆಳೆದದ್ದೂ ಇದಕ್ಕೆ ಒಂದು ಕಾರಣವಾಗಿರಬಹುದು, ಆದ್ದರಿಂದ ಅವಳಿಗೆ ಹೇಳಲು ಸಂಕೋಚಪಡಬೇಕಾದವರು ನೀವಲ್ಲ. ಬಾಯಲ್ಲಿ ಹೇಳಲಾಗದಿದ್ದರೆ ನನಗೆ ಬರೆದಂತೆಯೇ ಅವಳಿಗೂ ನಾಲ್ಕು ಸಾಲು ಬರೆದು ವಾಟ್ಸಾಪಿನಲ್ಲಿ ಕಳಿಸಿ. ಕಾರಣ ತಿಳಿಯದ ಮಗಳು "ಅಮ್ಮನಿಗೆ ನನ್ನ ಜೊತೆ ಬರಲು ಇಷ್ಟವಿಲ್ಲ" ಎಂದುಕೊಂಡರೆ ಅದನ್ನು ಸರಿಪಡಿಸುವುದು ಇದಕ್ಕಿಂತ ಕಷ್ಟ.

ನೀರು ನಿಲ್ಲಿಸುವ ಅಭ್ಯಾಸವನ್ನು ಮೊದಲು ಬಿಡಬೇಕು. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಚೀಲವನ್ನು ಇನ್ನಷ್ಟು ಕೆರಳಿಸುತ್ತದೆ, ಸೋಂಕಿಗೂ ದಾರಿಯಾಗುತ್ತದೆ. ಕಡಿಮೆ ಮಾಡಬೇಕಾದದ್ದು ಕಾಫಿ, ಟೀ. ಮೈಸೂರಿನವರಿಗೆ ಈ ಮಾತು ಕಹಿಯೆಂದು ಬಲ್ಲೆ. ಹೊರಡುವ ಮೊದಲೇ ಸ್ತ್ರೀರೋಗ ತಜ್ಞೆಯನ್ನು ಕಂಡು ಮೂತ್ರ ಮತ್ತು ಸಕ್ಕರೆಯ ಪರೀಕ್ಷೆ ಮಾಡಿಸಿ. ಎರಡು ಬಗೆಯ ತೊಂದರೆಯನ್ನೂ, ಎಂದರೆ ಕೆಮ್ಮಿದಾಗ ಸೋರುವುದನ್ನೂ ಅವಸರವಾಗಿ ಬರುವುದನ್ನೂ, ಬೇರೆ ಬೇರೆಯಾಗಿ ಹೇಳಿ, ಚಿಕಿತ್ಸೆ ಬೇರೆಯಿರುತ್ತದೆ. ಮೂತ್ರವನ್ನು ತಡೆಹಿಡಿಯುವಾಗ ಬಿಗಿಯುವ ಸ್ನಾಯುಗಳನ್ನು ಐದೆಣಿಸುವವರೆಗೆ ಬಿಗಿದು ಅಷ್ಟೇ ಹೊತ್ತು ಸಡಿಲಿಸುವುದನ್ನು ಹತ್ತು ಸಲ, ದಿನಕ್ಕೆ ಮೂರು ಬಾರಿ ಮಾಡುತ್ತ ಬಂದರೆ ಮೂರು ತಿಂಗಳ ಹೊತ್ತಿಗೆ ಸಾಮಾನ್ಯವಾಗಿ ಹತೋಟಿ ಹೆಚ್ಚುತ್ತದೆ. ಪೂಜೆಗೆ ಕೂತಾಗಲೂ ಮಾಡಬಹುದು, ಯಾರಿಗೂ ಕಾಣುವುದಿಲ್ಲ. ಆದ್ದರಿಂದ ಮಗಳಿಗೆ ಮೂರು ತಿಂಗಳ ಮುಂದಿನ ದಿನಾಂಕ ಕೊಡಿ.

ಬಸ್ಸಿನ ಯಾತ್ರೆಗಳನ್ನು ಬಿಟ್ಟು ರೈಲಿನಲ್ಲಿ ಹೋಗಿ. ಮೈಸೂರಿನಿಂದ ವಾರಾಣಸಿಗೆ ನೇರ ರೈಲಿದೆ, ಎರಡು ರಾತ್ರಿಗಳ ಪ್ರಯಾಣವಾದರೂ ನಾಲ್ಕು ಹೆಜ್ಜೆಯಲ್ಲಿ ಶೌಚಾಲಯ ಸಿಗುತ್ತದೆ. ವಿಮಾನವಾದರೆ ನಡುದಾರಿಯ ಸೀಟು ಕೇಳಿ. ಔಷಧದ ಅಂಗಡಿಯಲ್ಲಿ ಇದಕ್ಕೆಂದೇ ಸಿಗುವ ಪ್ಯಾಡುಗಳು ಮುಟ್ಟಿನ ಪ್ಯಾಡಿಗಿಂತ ಹೆಚ್ಚು ಹೀರುತ್ತವೆ, ಒಂದು ದಿನ ಮನೆಯಲ್ಲೇ ಹಾಕಿಕೊಂಡು ದೇವರಾಜ ಮಾರುಕಟ್ಟೆಗೆ ಹೋಗಿ ಬಂದು ನೋಡಿ. ಕಾಶಿಯಲ್ಲಿ ನಿಜವಾಗಿ ಕಷ್ಟವಾಗುವುದು ಎರಡು ಕಡೆ: ವಿಶ್ವನಾಥನ ದರ್ಶನದ ಸಾಲು ಮತ್ತು ಗಂಗೆಯ ಮೇಲಿನ ದೋಣಿ. ಸೋಮವಾರ ಮತ್ತು ಹಬ್ಬದ ದಿನಗಳನ್ನು ಬಿಟ್ಟರೆ ಸಾಲು ಕಡಿಮೆ. ಅಸ್ಸಿಯಿಂದ ಶುರುವಾಗಿ ಎಂಬತ್ತಕ್ಕೂ ಹೆಚ್ಚು ಘಾಟುಗಳಿವೆಯೆಂದು ಎಲ್ಲವನ್ನೂ ಒಂದೇ ದೋಣಿಯಲ್ಲಿ ಸುತ್ತುವ ಆಸೆ ಬೇಡ. ಅರ್ಧ ಗಂಟೆಯ ದೋಣಿ ಸಾಕೆಂದು ಮೊದಲೇ ಮಾತಾಡಿ ಹತ್ತಿ. ಸಂಜೆಯ ಆರತಿಯನ್ನು ದಶಾಶ್ವಮೇಧದ ಮೆಟ್ಟಿಲ ಜನಜಂಗುಳಿಯ ನಡುವೆ ಸಿಕ್ಕಿಕೊಂಡು ನೋಡುವುದಕ್ಕಿಂತ, ಎದ್ದು ಹೋಗಲು ದಾರಿಯಿರುವ ಅಂಚಿನಲ್ಲಿ ಕೂತು ನೋಡಿ.

ಪ್ರಶ್ನೆ: ಮಗಳ ಜೊತೆ ಮೊದಲ ಸಲ ಕೇರಳಕ್ಕೆ ಹೋಗುತ್ತಿದ್ದೇನೆ, ಇಬ್ಬರೂ ಹತ್ತು ವರ್ಷದಿಂದ ಅಂದುಕೊಂಡದ್ದು. ನನಗೆ 57. ಅವಳು ಎರಡು ಚೂಡಿದಾರ ಕೊಡಿಸಿದ್ದಾಳೆ. ಮದುವೆಯಾದಾಗಿನಿಂದ ಸೀರೆ ಬಿಟ್ಟು ಬೇರೆ ಉಟ್ಟವಳಲ್ಲ. ಮನೆಯವರು ನಗುತ್ತಾರೆ. ತೊಡಲೇ?
(ಒಬ್ಬ ಗೃಹಿಣಿ, ಶ್ರೀರಂಗಪಟ್ಟಣ)

ಉತ್ತರ: ತೊಡಿ. ಮನೆಯವರು ಮನೆಯಲ್ಲಿರುತ್ತಾರೆ, ನೀವು ಕೇರಳದಲ್ಲಿರುತ್ತೀರಿ. ಹೊಸದನ್ನು ಹಾಗೆಯೇ ಕೊಂಡೊಯ್ಯದೆ ಒಮ್ಮೆ ಒಗೆದು, ತೊಟ್ಟು, ಮನೆಯಲ್ಲಿ ಕೂತು ಎದ್ದು ನೋಡಿ, ಸೊಂಟದ ಲಾಡಿ ಬಿಗಿಯೆನಿಸಿದರೆ ಎಲಾಸ್ಟಿಕ್ ಹಾಕಿಸಿ. ಕೇರಳದ ಕೆಲವು ದೊಡ್ಡ ದೇವಾಲಯಗಳಲ್ಲಿ ಉಡುಪಿನ ಕಟ್ಟುಪಾಡು ಬಿಗಿಯಾಗಿದೆ, ತಿರುವನಂತಪುರದ ಪದ್ಮನಾಭಸ್ವಾಮಿಯ ಗುಡಿಯಲ್ಲಿ ಚೂಡಿದಾರದ ಮೇಲೆ ಮುಂಡು ಸುತ್ತಿಕೊಳ್ಳಬೇಕಾಗುತ್ತದೆ. ಅದಕ್ಕೆಂದು ಬೇಗ ಒಣಗುವ ನೂಲಿನ ಸೀರೆಯೊಂದನ್ನು ಚೀಲದಲ್ಲಿಡಿ, ಇನ್ನೊಂದನ್ನು ಮಗಳಿಗೂ ಇಡಿ. ಅವಳಿಗೆ ಉಡಲು ಬಾರದಿದ್ದರೆ ನೆರಿಗೆ ಹಿಡಿದುಕೊಡುವ ಕೆಲಸ ನಿಮ್ಮದು.